ಸರ್ಪಸುತ್ತು, ಹರ್ಪಿಸ್ ಮತ್ತು ಒಂದು ರಕ್ತದ ರಿಪೋರ್ಟು

ಮೊನ್ನೆ ಬ್ಯಾಡಗಿಯಿಂದ ಗೆಳೆಯನ ಫೋನು. ಊರಲ್ಲಿ ಗುರುತಿನವರು ಸಿಗ್ತಾರೆ ಅಂತ ರಾಣೆಬೆನ್ನೂರಿಗೆ ಹೋಗಿ ರಕ್ತ ಕೊಟ್ಟು ಬಂದಿದ್ದಾನೆ. ಎರಡು ವಾರದ ಹಿಂದೆ ಪರಊರಲ್ಲಿ ಏನೋ ಎಡವಟ್ಟು ಮಾಡಿಕೊಂಡಿದ್ದನಂತೆ. ಮದುವೆ ಬೇರೆ ಗೊತ್ತಾಗಿದೆ. ರಿಪೋರ್ಟಿನಲ್ಲಿ "ಹರ್ಪಿಸ್ ಐಜಿಎಮ್ ಪಾಸಿಟಿವ್". ಅದು ಅವನಮ್ಮನ ಕೈಗೆ ಸಿಕ್ಕು, ಯಾರೋ "ಹರ್ಪಿಸ್ ಅಂದ್ರ ಸರ್ಪಸುತ್ತು" ಅಂದಿದ್ದಾರೆ. "ಕಾವಿ ಹಚ್ಚಿಸ್ಕೊಂಡ್ ಬಾ ಅಂತ ಗಂಟ ಬಿದ್ದಾಳೋ ಮಾರಾಯಾ!" ನಗಬೇಕೋ ಅಳಬೇಕೋ...

ಅವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಗ್ರೀಕರ 'ಹರ್ಪಿಸ್', ನಮ್ಮ 'ಸರ್ಪ' ಒಂದೇ ಬೇರಿನ ಮಾತುಗಳು, ತೆವಳುವುದು ಅಂತ ಅರ್ಥ. ಆದರೆ ಸೊಂಟ ಸುತ್ತುವ ಸರ್ಪಸುತ್ತನ್ನು ತರುವುದು ಚಿಕನ್‌ಪಾಕ್ಸಿನ ವೈರಸ್ಸು. ಗೆಳೆಯ ಹೆದರಿದ್ದು ಅದೇ ಕುಟುಂಬದ ಬೇರೆ ವೈರಸ್ಸಿಗೆ. ಅದರಲ್ಲೂ ಎರಡು ಬಗೆ ಇವೆ ಅಂತ ತೋರಿಸಿದ್ದು 1962ರಲ್ಲಿ, ಜರ್ಮನಿಯ ಶ್ನೇವೈಸ್. ಮೊದಲನೆಯದು ಹೆಚ್ಚಾಗಿ ತುಟಿಯದು, ಎರಡನೆಯದು ಗುಪ್ತಾಂಗದ್ದು. ಮೊದಲನೆಯದು ಬಹುಪಾಲು ಚಿಕ್ಕಂದಿನಲ್ಲೇ ಅಂಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಅಂದಾಜಿನಂತೆ 50ರೊಳಗಿನ ಸುಮಾರು 370 ಕೋಟಿ ಜನರಲ್ಲಿ ಅದಿತ್ತು. ನನ್ನಲ್ಲೂ ಇರಬಹುದು, ನಿಮ್ಮಲ್ಲೂ :)

ಎರಡೂ ಬಗೆ ಎಷ್ಟು ಹೋಲುತ್ತವೆಂದರೆ ಹಳೆಯ ರಕ್ತಪರೀಕ್ಷೆಗಳಿಗೆ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ. ಎರಡರಲ್ಲೂ ಬೇರೆಬೇರೆಯಾಗಿರುವ 'ಗ್ಲೈಕೋಪ್ರೋಟೀನ್ ಜಿ' ಹಿಡಿದ ಮೇಲೆ ದಾರಿ ಸಿಕ್ಕಿತು. ಅದನ್ನು ನೋಡುವುದು ಐಜಿಜಿ ಪರೀಕ್ಷೆ. ನಮ್ಮವನ ಕೈಯಲ್ಲಿರುವುದು ಐಜಿಎಮ್! ಅದು ಬಗೆಯನ್ನು ಹೇಳುವುದಿಲ್ಲ, ಹಳೆಯ ಸೋಂಕು ಮರುಕಳಿಸಿದಾಗಲೂ ಏಳಬಹುದು. ಅಮೆರಿಕದ ಸಿಡಿಸಿ 2021ರ ಮಾರ್ಗಸೂಚಿಯಲ್ಲಿ ಅದು ಬೇಡ ಅಂದೇ ಹೇಳಿದೆ. ಆದರೂ ದುಡ್ಡು ತಗೊಂಡು ಮಾಡಿಕೊಡುವವರು ಇದ್ದೇ ಇದ್ದಾರೆ.

ಐಜಿಜಿಯೂ ದೇವರ ಮಾತಲ್ಲ. ಎರಡನೇ ಬಗೆಗೆ ಇಂಡೆಕ್ಸ್ 1.1ರಿಂದ 3ರೊಳಗೆ ಬಂದರೆ ಸುಳ್ಳು ಪಾಸಿಟಿವ್ ಇರಬಹುದು, ಬೇರೆ ವಿಧಾನದಿಂದ ಖಚಿತಪಡಿಸಿಕೊಳ್ಳಬೇಕು. ತೀರಾ ಬೇಗ ಮಾಡಿಸಿದರೆ ಸುಳ್ಳು ನೆಗೆಟಿವ್. ಪ್ರತಿಕಾಯ ಏಳಲು 12 ವಾರ ಬೇಕಾಗಬಹುದು. ರಕ್ತ ಹೀಗೆ ಮೋಸ ಮಾಡುವುದು ಹೊಸದೇನಲ್ಲ: 1906ರ ವಾಸರ್‌ಮನ್ ಪರೀಕ್ಷೆ ಮಲೇರಿಯಾದವರಿಗೂ, ಕುಷ್ಠದವರಿಗೂ ಸಿಫಿಲಿಸ್ ಅಂದದ್ದುಂಟು. ಎಷ್ಟು ಸಂಸಾರ ಒಡೆದವೋ!

ಅವನಿಗೆ ಹೇಳಿದೆ: ಗುಳ್ಳೆಯೋ ಹುಣ್ಣೋ ಎದ್ದರೆ ಕಾಯಬೇಡ, ಆರುವ ಮೊದಲೇ ಡಾಕ್ಟರಿಗೆ ತೋರಿಸಿ ಅದರ ದ್ರವವನ್ನೇ ಪಿಸಿಆರ್‌ಗೆ ಕೊಡು. ಈಗ ಹಾವೇರಿಯ ಜಿಲ್ಲಾಸ್ಪತ್ರೆಗೆ ಹೋಗಿ ಎಚ್ಐವಿ, ಸಿಫಿಲಿಸ್ ಮಾಡಿಸು, ಅವಕ್ಕೂ ಮತ್ತೊಮ್ಮೆ ಹೋಗಬೇಕಾದೀತು. ಹರ್ಪಿಸ್ ಐಜಿಜಿ 12 ವಾರದ ಮೇಲೆ. ಅಲ್ಲಿವರೆಗೆ ಮದುವೆ ಮುಂದೂಡು.

"ಅವ್ವಗ ಏನಂತ ಹೇಳ್ಲಿ?" ಅಂದ.

ಇದಕ್ಕೆ ಮಾತ್ರ ನನ್ನಲ್ಲಿ ಉತ್ತರ ಇರಲಿಲ್ಲ. ನಿನ್ನೆ ಸಂಜೆ ಮತ್ತೆ ಫೋನು ಮಾಡಿದ್ದ. ಏನೂ ಎದ್ದಿರದ ಸೊಂಟಕ್ಕೆ ಕಾವಿ ಹಚ್ಚಿಸಿಕೊಂಡು ಕೂತಿದ್ದಾನಂತೆ.