ಹೊಗೆಗೆ ಸೊಪ್ಪೇ ಸಾಕ್ಷಿ
ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಮರಗಳಲ್ಲಿದ್ದ ಕಲ್ಲುಹೂವುಗಳು ನಗರದ ಉಳಿದೆಡೆ ಕಾಣೆಯಾಗಿದ್ದವು. 1866ರಲ್ಲಿ ಇದನ್ನು ಗಮನಿಸಿದ ವಿಜ್ಞಾನಿ ವಿಲಿಯಂ ನೈಲಾಂಡರ್, ಕಲ್ಲುಹೂವು ಗಾಳಿಯ ಶುದ್ಧತೆಗೆ ಅಳತೆಗೋಲೆಂದು ಸಾರಿದ. ಬೇರಿಲ್ಲದ ಈ ಜೀವಿ ಗಾಳಿ, ಮಳೆಗಳಿಂದಲೇ ಬದುಕುವುದರಿಂದ ವಿಷವೂ ನೇರವಾಗಿ ಅದರ ಒಡಲು ಸೇರುತ್ತದೆ.

ಶತಮಾನ ಕಳೆದ ಮೇಲೆ ಇದೇ ಉಪಾಯ ಕಸ ಸುಡುವ ಸ್ಥಾವರಗಳ ಬಳಿಗೂ ಬಂತು. 1989ರಲ್ಲಿ ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್ ಸಮೀಪದ ಹಸುಗಳ ಹಾಲಿನಲ್ಲಿ ಡಯಾಕ್ಸಿನ್ ಪತ್ತೆಯಾಯಿತು. ಕಸದ ಹೊಗೆಯಲ್ಲಿದ್ದ ವಿಷ ಹುಲ್ಲಿನ ಮೇಲಿಳಿದು, ಹಸುವಿನ ಹೊಟ್ಟೆ ಸೇರಿ, ಹಾಲಿನ ಕೊಬ್ಬಿನಲ್ಲಿ ಉಳಿದಿತ್ತು. ಆ ಹಾಲಿನ ಮಾರಾಟ ನಿಂತಿತು.

ಮುಂದೆ ಆ ದೇಶದ ಮೂರು ಸ್ಥಾವರಗಳ ಸುತ್ತ ಪಾಲಕ್ ಹಾಗೂ ಕೋಸಿನ ಜಾತಿಯ ಕೇಲ್ ಸೊಪ್ಪು ಬೆಳೆಸಿ, ಹಾಲನ್ನೂ ಪರೀಕ್ಷಿಸಲಾಯಿತು. 2004ರಿಂದ 2013ರವರೆಗಿನ ಫಲಿತಾಂಶ ಸಮಾಧಾನಕರ: ಹೊಗೆಯಿಂದ ಬೆಳೆ ಕೆಟ್ಟಿರಲಿಲ್ಲ.

ಚಿಮಣಿಯಿಂದ ಹೊರಟದ್ದೆಷ್ಟು ಎಂಬುದನ್ನು ಯಂತ್ರ ಹೇಳಬಲ್ಲದು. ಊಟದ ತಟ್ಟೆಗೆ ಬಂದದ್ದೆಷ್ಟು ಎಂಬುದನ್ನು ಸೊಪ್ಪೇ ಹೇಳಬೇಕು.