ಮನೆಯ ವೈ-ಫೈ: ಎರಡು ತರಂಗಪಟ್ಟಿಗಳ ಪರಿಚಯ

ಹೈದರಾಬಾದಿನ ಬಹುಮಹಡಿ ವಸತಿಗಳಲ್ಲಿ ನೆಲೆಸಿರುವ ನಾವು, ಊರಿನ ಹಿರಿಯರೊಡನೆ ವಿಡಿಯೋ ಕರೆಯಲ್ಲಿ ಮಾತನಾಡುವಾಗ ಚಿತ್ರ ನಿಂತುಹೋದರೆ ಇಂಟರ್ನೆಟ್ ಕಂಪನಿಯನ್ನೇ ದೂರುತ್ತೇವೆ. ಅನೇಕ ವೇಳೆ ತೊಡಕಿರುವುದು ಮನೆಯೊಳಗಿನ ತರಂಗಪಟ್ಟಿಯ ಆಯ್ಕೆಯಲ್ಲಿ.

ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. 5 ಗಿಗಾಹರ್ಟ್ಸ್ ಪಟ್ಟಿಯ ವಿಸ್ತೃತ ಬಳಕೆಗೆ 2018ರಲ್ಲಿ ಅವಕಾಶ ದೊರೆಯಿತು. ಮೊದಲನೆಯದು ಗೋಡೆಗಳನ್ನು ದಾಟಿ ದೂರ ಸಾಗುತ್ತದೆ. ಆದರೆ ಅದರಲ್ಲಿ ಒಂದಕ್ಕೊಂದು ಅಡ್ಡಬಾರದಂತೆ ಬಳಸಬಹುದಾದ ಚಾನೆಲುಗಳು 1, 6, 11 ಎಂಬ ಮೂರೇ. ನೆರೆಮನೆಗಳ ರೂಟರುಗಳು, ಬ್ಲೂಟೂತ್ ಸಾಧನಗಳು, ಮೈಕ್ರೋವೇವ್ ಒಲೆ ಎಲ್ಲವೂ ಈ ಪಟ್ಟಿಯನ್ನೇ ಹಂಚಿಕೊಳ್ಳುತ್ತವೆ. ಆದುದರಿಂದ ಸಿಗ್ನಲ್ ಗೆರೆಗಳು ಪೂರ್ಣವಾಗಿದ್ದರೂ ವೇಗ ಕುಂದಬಹುದು. ಎರಡನೆಯದರಲ್ಲಿ ಚಾನೆಲುಗಳೂ ಹೆಚ್ಚು, ವೇಗವೂ ಹೆಚ್ಚು. ಆದರೆ ಕಾಂಕ್ರೀಟ್ ಗೋಡೆ ಅಡ್ಡವಾದರೆ ಅದು ಬೇಗ ಕ್ಷೀಣಿಸುತ್ತದೆ.

ರೂಟರನ್ನು ಮನೆಯ ನಡುಭಾಗದಲ್ಲಿ, ತುಸು ಎತ್ತರದಲ್ಲಿ ಇರಿಸುವುದು ಒಳಿತು. ರೂಟರ್ ಇರುವ ಕೋಣೆಯಲ್ಲಿ 5, ದೂರದ ಕೋಣೆಯಲ್ಲಿ 2.4 ಸೂಕ್ತ. ದುಬಾರಿ ಪ್ಲಾನಿಗೆ ಹಣ ತೆರುವ ಮುನ್ನ ಕಂಪ್ಯೂಟರನ್ನು ಕೇಬಲ್ ಮೂಲಕ ರೂಟರಿಗೆ ಜೋಡಿಸಿ ವೇಗವನ್ನು ಪರೀಕ್ಷಿಸೋಣ. ಆಗಲೂ ನಿಧಾನವಾದರೆ ಕಂಪನಿಯನ್ನು ಕೇಳೋಣ. ಇಲ್ಲವಾದರೆ ಪರಿಹಾರ ನಮ್ಮ ಮನೆಯಲ್ಲಿಯೇ ಇದೆ.