ಗವಾನನ ಪುಸ್ತಕದ ಮನೆ

ಒಂಬತ್ತನೆಯ ತರಗತಿಯಲ್ಲಿದ್ದಾಗ ಸಮಾಜ ವಿಜ್ಞಾನದ ಗುರುಗಳು ನಮ್ಮನ್ನು ಔರಾದ ಬಸ್ಸಿನಲ್ಲಿ ಬೀದರಿಗೆ ಕರೆದೊಯ್ದಿದ್ದರು. ಗವಾನ್ ಮದರಸಾದ ಮುಂದೆ ತಿಂದ ರೊಟ್ಟಿ, ಶೇಂಗಾ ಹಿಂಡಿ ನೆನಪಿದೆ. ಗುರುಗಳು ಹೇಳಿದ್ದು ನೆನಪಿಲ್ಲ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಎಷ್ಟೋ ವರ್ಷಗಳ ನಂತರ, ಕಳೆದ ದೀಪಾವಳಿ ರಜೆಯಲ್ಲಿ ಒಬ್ಬನೇ ಮತ್ತೆ ಹೋದೆ.

ಚೌಬಾರಾ ದಾಟಿ ಕೋಟೆಯ ಕಡೆ ನಡೆದರೆ ಒಂಟಿ ಮಿನಾರು ಕಾಣುತ್ತದೆ. ಇರಾನಿನ ಗಿಲಾನಿನಿಂದ ವ್ಯಾಪಾರಕ್ಕೆ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮೂರಂತಸ್ತಿನ ವಿದ್ಯಾಲಯವಿದು. ಗೋಡೆಗೆ ಅಂಟಿ ಉಳಿದ ನೀಲಿ, ಹಸಿರು ಹೆಂಚಿನ ಬಿಲ್ಲೆಗಳು ಇಂದಿಗೂ ಹೊಳೆಯುತ್ತವೆ. ಇಲ್ಲಿ ಸುಮಾರು 3,000 ಹಸ್ತಪ್ರತಿಗಳ ಗ್ರಂಥಾಲಯವಿತ್ತೆಂದು ಇತಿಹಾಸಕಾರರು ಹೇಳುತ್ತಾರೆ. ಅಚ್ಚಿನ ಯಂತ್ರವಿಲ್ಲದ ಕಾಲ. ಒಂದೊಂದನ್ನೂ ಯಾರೋ ಕುಳಿತು ಕೈಯಲ್ಲೇ ಬರೆದಿರಬೇಕು.

ಗವಾನನ ಕೊನೆ ಮಾತ್ರ ಕಾಗದದಿಂದಲೇ ಬಂತು. ವಿರೋಧಿಗಳು ಅವನ ಮುದ್ರೆ ಒತ್ತಿಸಿದ ಖಾಲಿ ಕಾಗದದ ಮೇಲೆ ಒರಿಸ್ಸಾದ ಅರಸನಿಗೆ ಬರೆದಂತೆ ಸುಳ್ಳು ಪತ್ರ ಸೃಷ್ಟಿಸಿದರು. ಸುಲ್ತಾನ ಮೂರನೇ ಮುಹಮ್ಮದನು ವಿಚಾರಿಸದೆ 1481ರಲ್ಲಿ ಆ ವೃದ್ಧನನ್ನು ಕೊಲ್ಲಿಸಿದ. ಪಾಸ್‌ವರ್ಡ್ ಕದ್ದವರ ಕೇಸು ನೋಡುವ ನನಗೆ ಈ ಕಥೆ ಹಳೆಯದೆನಿಸಲಿಲ್ಲ.

ಕಟ್ಟಡದ ಗತಿಯೂ ಹಾಗೆಯೇ ಆಯಿತು. ಮೊಗಲರ ಕಾಲದಲ್ಲಿ ಪಾಠದ ಕೋಣೆಗಳಲ್ಲಿ ಮದ್ದಿನ ಪುಡಿ ತುಂಬಿದರು. 1696ರಲ್ಲಿ ಅದು ಸಿಡಿದು ಒಂದು ಮಿನಾರು, ಮುಂಭಾಗದ ಬಹುಪಾಲು ನೆಲಕ್ಕುರುಳಿದವು. ಬಾಗಿಲ ಪಕ್ಕದಲ್ಲೇ ಪುಸ್ತಕದ ಕೋಣೆ ಇತ್ತೆನ್ನುತ್ತಾರೆ. ಅಲ್ಲಿ ನಿಂತು ನೋಡಿದೆ, ಬರೀ ಆಕಾಶ.

ಮರಳುವಾಗ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನೆನಪಾದರು. ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದವರು ಅವರು. ಅವರು ಉಳಿಸಿದ ಅಕ್ಷರದಿಂದಲೇ ನಮ್ಮಂಥವರು ಓದಿದ್ದು.

ನಮ್ಮ ಶಾಲೆಯಲ್ಲೂ ಆಫೀಸಿನ ಮೂಲೆಯಲ್ಲೊಂದು ಪುಸ್ತಕದ ಕಪಾಟಿತ್ತು. ಮೂರು ವರ್ಷದಲ್ಲಿ ನಾನು ಅದರ ಬಾಗಿಲು ತೆರೆದದ್ದನ್ನು ಎರಡೇ ಸಲ ಕಂಡೆ; ಪುಸ್ತಕ ಹಾಳಾದಾವು ಎಂಬ ಅಂಜಿಕೆ. ಮರುದಿನ ಊರಿಗೆ ಹೋಗಿ, "ಸರ್, ಕೀಲಿ ಯಾರ ಹತ್ರ ಅದ?" ಎಂದು ಕೇಳಿದೆ. ಈಗಿನ ಗುರುಗಳು ನಕ್ಕು ಕೀಲಿಯನ್ನು ನನ್ನ ಕೈಗೇ ಕೊಟ್ಟರು. ಸಂಜೆಯವರೆಗೆ ಧೂಳು ಝಾಡಿಸಿ ಎಣಿಸಿದೆವು: 412 ಪುಸ್ತಕ, 9ಕ್ಕೆ ಗೆದ್ದಲು. ಈಗ ಪ್ರತಿ ಶನಿವಾರ ಎಂಟನೆಯ ತರಗತಿಯ ಮಕ್ಕಳೇ ಆ ಕಪಾಟು ತೆಗೆಯುತ್ತಾರೆ.